ಬುಡನ್ ಸಾಬರ ಹಸಿರು ಅತ್ತರು

ಹರಿಹರದ ನಮ್ಮ ಓಣಿಯ ಖತೀಜಾಬೀಗೆ ಮೂಗಿನ ತುದಿಯಲ್ಲೇ ಸಿಟ್ಟು ಎಂದು ಊರೆಲ್ಲ ಆಡಿಕೊಳ್ಳುತ್ತಿತ್ತು. ಆಡಿಕೊಳ್ಳುವವರ ಬಾಯಿಗೆ ಮಣ್ಣು ಹಾಕ. ಗಂಡ ಸತ್ತ ಮೇಲೆ ಬಳೆಯ ಮಲಾರ ಹೆಗಲಿಗೇರಿಸಿ, ದಾವಣಗೆರೆಯ ಮನೆಮನೆ ತಿರುಗಿ, ಕಂಡವರ ಕೈಗೆಲ್ಲ ಬಳೆ ತೊಡಿಸಿ ಹೊಟ್ಟೆ ಹೊರೆಯುವ ಹೆಂಗಸಿಗೆ ಸಿಟ್ಟು ಬರದೆ ಇನ್ನೇನು ಬರಬೇಕು?

ಆಕೆಯ ಗಂಡ ಬುಡನ್ ಸಾಬ್ ಅತ್ತರು ಮಾಡುತ್ತಿದ್ದ. ಮರುಗ, ಪಚ್ಚೆತೆನೆ, ಲಾವಂಚದ ಬೇರು ಎಣ್ಣೆಯಲ್ಲಿ ನೆನೆಹಾಕಿ, ಇನ್ನೂ ಏನೇನೋ ಬೆರೆಸಿ ಹಸಿರು ಬಣ್ಣದ್ದೊಂದು ಅತ್ತರು ಇಳಿಸುತ್ತಿದ್ದ. ಆಗತಾನೆ ಎಲೆ ಹೊಸಕಿದ ಹಾಗೆ ವಾಸನೆ. ಸೀಸೆಗೆ ನಾಲ್ಕಾಣೆ. ಅಗ್ಗವಾದದ್ದೇ ತಪ್ಪಾಯಿತು. ಜನ ಅಂಗಡಿ ಮುಂದೆ ನಿಂತು ಮುಂಗೈಗೆ ಪುಕ್ಕಟೆ ಸವರಿಸಿಕೊಂಡು, "ಚಲೋ ಐತೆ ಸಾಬ್ರೆ" ಎಂದು ಹೊಗಳಿ, ಆಮೇಲೆ ಪೇಟೆಗೆ ಹೋಗಿ ಬೊಂಬಾಯಿ ಸೆಂಟು ಕೊಳ್ಳುತ್ತಿದ್ದರು. ನನಗೆ ಈಗಲೂ ನೆನೆಸಿಕೊಂಡರೆ ಮೈ ಉರಿಯುತ್ತದೆ.

ಅವನು ಜ್ವರ ಬಂದು ಸತ್ತಾಗ ಮನೆಯಲ್ಲಿದ್ದ ಸೀಸೆಗಳನ್ನೆಲ್ಲ ಖತೀಜಾಬೀ ಮಾರಿದಳು. ಒಲೆ ಉರಿಯಬೇಕಲ್ಲ. ಮಾರಿ ಮುಗಿದ ಮೇಲೆ ನೋಡಿದರೆ ತನಗೆಂದು ಒಂದು ಹನಿಯೂ ಇರಲಿಲ್ಲ. ಮಾಡುವ ಬಗೆಯನ್ನು ಆ ಮಹಾರಾಯ ಯಾರಿಗೂ ಕಲಿಸಿರಲಿಲ್ಲ. ಅಲ್ಲಿಂದ ಮುಂದೆ ಯಾವ ಊರಿಗೆ ಹೋದರೂ ಅತ್ತರಿನ ಅಂಗಡಿ ಕಂಡರೆ ಒಳಹೊಕ್ಕು ಹುಡುಕುತ್ತಿದ್ದಳು. ಎಲ್ಲಿಯೂ ಸಿಗಲಿಲ್ಲ.

ಎಂಬತ್ತೆರಡನೇ ಇಸವಿ. ದಾವಣಗೆರೆಯಲ್ಲಿ ಮಂಡಿ ಇಟ್ಟಿದ್ದ ಬಕ್ಕೇಶಪ್ಪನವರ ಮಗಳು ಶಿವಲೀಲಾಗೆ ಕುಬುಸ. ಬಸುರಿಗೆ ಹಸಿರು ಗಾಜಿನ ಬಳೆ ತೊಡಿಸಲು ಖತೀಜಾಬೀಯನ್ನು ಕರೆಸಿದ್ದರು. ಬಲಗೈ ಮುಗಿಯಿತು. ಎಡಗೈಯ ಹಳೆಯ ಬಳೆಗಳನ್ನು ತೆಗೆದು ಸೋಪು ಸವರುತ್ತಿದ್ದಾಗ, ಹುಡುಗಿಯ ತಾಯಿ ನಿರ್ಮಲಮ್ಮ ಸೀರೆ ತೆಗೆಯಲು ಟ್ರಂಕಿನ ಮುಚ್ಚಳ ಎತ್ತಿದಳು.

ಹೊಸಕಿದ ಎಲೆಯ ವಾಸನೆ ಬಂತು. ಖತೀಜಾಬೀಯ ಕೈ ನಿಂತುಹೋಯಿತು.

"ಅಮ್ಮಾರೆ, ಅದ್ರಾಗ ಏನೈತ್ರಿ?"

ಸೀರೆಗಳ ಅಡಿಯಿಂದ ಒಂದು ಪುಟ್ಟ ಸೀಸೆ ಬಂತು. ತಳದಲ್ಲಿ ಹಸಿರು ಅತ್ತರು. "ನಮ್ಮ ತವರು ಹರಿಹರ ಅಲ್ಲೇನು? ಮದುವಿ ದಿನ ನಮ್ಮವ್ವ ಕೊಟ್ಟಿದ್ದು. ಆಕಿ ಹೋಗಿಬಿಟ್ಲು. ಆಕಿ ಕೊಟ್ಟಿದ್ದು ಅಂತ ಇದೊಂದೇ ಉಳದೈತೆ" ಎಂದಳು ನಿರ್ಮಲಮ್ಮ.

"ಅದು ನನ್ನ ಗಂಡ ಮಾಡಿದ್ದು. ನನಗ ಕೊಡ್ರಿ."

"ಹೆಂಗೆ ಕೊಡ್ಲಿ ಖತೀಜಾ? ಬ್ಯಾರೆ ಏನರ ಕೇಳು."

"ಬ್ಯಾರೆ ಏನೂ ಬ್ಯಾಡ." ಖತೀಜಾಬೀ ಮಲಾರ ಕಟ್ಟಿ ಪಕ್ಕಕ್ಕೆ ಸರಿಸಿದಳು. "ಅದು ಕೊಡೋತನಕ ಈ ಕೈಗೆ ಬಳಿ ಇಲ್ಲ."

ಗಂಡನಿರುವ ಹೆಂಗಸಿನ ಕೈ ಒಂದು ಗಳಿಗೆಯೂ ಬೋಳಾಗಿರಬಾರದು. ಅದೂ ಬಸುರಿ, ಅದೂ ಕುಬುಸದ ದಿನ. ಬಳೆ ತೊಡಿಸುವವಳು ಅರ್ಧಕ್ಕೆ ಏಳುವುದೆಂದರೆ ಶಾಪ ಹಾಕಿದ ಹಾಗೆಯೇ. ಅದು ಖತೀಜಾಬೀಗೆ ಗೊತ್ತಿರಲಿಲ್ಲವೇ? ಗೊತ್ತಿದ್ದೇ ಮಾಡಿದಳು. ನಾನಾಗಿದ್ದರೂ ಅದನ್ನೇ ಮಾಡುತ್ತಿದ್ದೆ.

"ಬಸುರಿ ಕೈ ಬೋಳು ಇಟ್ಟು ಕುಂತೀಯಲ್ಲ, ನೀನೂ ಹೆಣ್ಣೇನು?" ನಿರ್ಮಲಮ್ಮ ಕೂಗಿದಳು.

"ನನ್ನ ಗಂಡನ್ನ ಟ್ರಂಕಿನ್ಯಾಗ ಇಟ್ಟು ಕೀಲಿ ಹಾಕೀಯಲ್ಲ, ನೀನು ಹೆಣ್ಣೇನು?"

ಗದ್ದಲ ಕೇಳಿ ಬಕ್ಕೇಶಪ್ಪ ಒಳಗೆ ಬಂದ. ಸೀಸೆ ನೋಡಿ ನಕ್ಕ. "ನಾಲ್ಕಾಣೆ ಸೀಸೆಗೆ ಇಷ್ಟು ರಂಪ ಯಾಕ? ಸೊಪ್ಪಿನ ನಾತ ಅದು. ಆಕಿ ಕಡೆ ಬಿಸಾಕು. ನಿನಗ ಚಲೋ ಸೆಂಟು ಹತ್ತು ತರಸ್ತೀನಿ."

ಕತ್ತೆಗೇನು ಗೊತ್ತು ಕಸ್ತೂರಿಯ ವಾಸನೆ! ಹಾವು ಮುಂಗುಸಿಯ ಹಾಗೆ ನಿಂತಿದ್ದ ಹೆಂಗಸರಿಬ್ಬರೂ ಒಟ್ಟಿಗೇ ಅವನ ಕಡೆ ತಿರುಗಿದರು. ಮೊದಲು ಬಾಯಿ ತೆರೆದವಳು ನಿರ್ಮಲಮ್ಮ.

"ಮದುವಿ ಆದ ಮರುದಿನ ಇದನ್ನ ಹಚ್ಚಿಕೊಂಡಿದ್ದೆ. ನಾತ ಹೊಡಿತೈತೆ, ತೊಳಕೊಂಡು ಬಾ ಅಂದ್ರಿ. ತೊಳಕೊಂಡೆ. ಅವತ್ತಿಂದ ಮುಚ್ಚಳ ತೆಗ್ದಿಲ್ಲ. ನಮ್ಮವ್ವ ಕೊಟ್ಟಿದ್ದು ನಿಮಗ ನಾತ ಆತು! ನಡೀರಿ ಆಚೆ!"

ಗಂಡನ ಎದುರು ಆಕೆ ಅಷ್ಟು ದೊಡ್ಡ ದನಿ ತೆಗೆದದ್ದು ಅದೇ ಮೊದಲಂತೆ. ಬಕ್ಕೇಶಪ್ಪ ಹೊರಗೆ ಹೋದ.

ಖತೀಜಾಬೀ ಮಲಾರ ಬಿಚ್ಚಿದಳು. ಶಿವಲೀಲಾಳ ಎಡಗೈಯನ್ನು ತೊಡೆಯ ಮೇಲಿಟ್ಟುಕೊಂಡು ಒಂದೊಂದಾಗಿ ಬಳೆ ಏರಿಸಿದಳು. ಎಲ್ಲ ತೊಡಿಸಿ, ಹುಡುಗಿಯ ತಲೆ ನೇವರಿಸಿ ಎದ್ದಳು. ಸೀಸೆಯನ್ನು ಮತ್ತೆ ಕೇಳಲಿಲ್ಲ. ಅದು ಒಬ್ಬ ತಾಯಿಯ ಕೊಡುಗೆ ಎಂಬುದು ಆಕೆಗೆ ಅಷ್ಟು ಹೊತ್ತಿಗೆ ತಿಳಿದಿತ್ತು, ತಿಳಿದದ್ದಕ್ಕೂ ಸಿಟ್ಟು ಬಂದಿತ್ತು.

"ನಿಂದ್ರು" ಎಂದಳು ನಿರ್ಮಲಮ್ಮ. ಗಟ್ಟಿಯಾಗಿ ಕೂತಿದ್ದ ಮುಚ್ಚಳವನ್ನು ಸೆರಗಿನಲ್ಲಿ ಹಿಡಿದು ತಿರುಗಿಸಿದಳು. ಮಗಳಿಗೆ ಸವರಿದಳು, ತಾನೂ ಹಚ್ಚಿಕೊಂಡಳು. ಹತ್ತಿಯ ಉಂಡೆಯೊಂದನ್ನು ಅತ್ತರಿನಲ್ಲಿ ಚೆನ್ನಾಗಿ ಅದ್ದಿ ಖತೀಜಾಬೀಯ ಕಿವಿಯ ಮಡಿಕೆಯಲ್ಲಿಟ್ಟಳು.

ಹರಿಹರದ ಬಸ್ಸಿನಲ್ಲಿ ನಾನೂ ಇದ್ದೆ. ಖತೀಜಾಬೀ ಕಿಟಕಿಯ ಪಕ್ಕ ಕೂತು ಒಂದೇ ಸಮನೆ ಬೈಯುತ್ತಿದ್ದಳು. ನನಗೆ ಹೇಳದೆ ಕಲಿಸದೆ ಹೋದಿಯಲ್ಲ, ಯಾರ ಯಾರ ಮನೆ ಬಾಗಿಲಿಗೋ ನಿಲ್ಲಿಸಿದಿಯಲ್ಲ ಎಂದು ಕಣ್ಣು ಮೂಗು ಒರೆಸಿಕೊಳ್ಳುತ್ತಾ ಬೈಯುತ್ತಿದ್ದಳು. ಟಿಕೇಟು ಕೊಡಲು ಬಂದ ಕಂಡಕ್ಟರ್ ಸುತ್ತ ನೋಡಿ, "ಯಾರಿಗೆ ಬೈಯಾಕ ಹತ್ತೀರಿ ಅಮ್ಮಾ?" ಎಂದ.

"ನಮ್ಮ ಮನಿಯವ್ರಿಗೆ" ಎಂದಳು ಖತೀಜಾಬೀ. "ಬೈದು ಭಾಳ ವರ್ಷ ಆಗಿತ್ತು. ನೀ ಮುಂದಕ್ಕ ಹೋಗು."