ಬಾರಾತ್ ಗಾಡಿಯ ಭಾಭೀಜಿ

ಅವರ ಕೈಗಳು ಮೊಣಕೈವರೆಗೂ ಬೆಳ್ಳಗಿರುತ್ತಿದ್ದವು. ಮಗುವಿಗೆ ನೀರೆರೆದ ಮೇಲೆ ಹಚ್ಚುವ ಪೌಡರನ್ನು ಅವರು ಕೆಲಸಕ್ಕೆ ಕೂರುವ ಮೊದಲು ಎರಡೂ ಕೈಗೆ ಧಾರಾಳವಾಗಿ ಬಳಿದುಕೊಳ್ಳುತ್ತಿದ್ದರು. ಫೈಬರಿನ ಕೆಲಸದ ಗಾಜಿನ ಎಳೆಗಳು ಚರ್ಮಕ್ಕೆ ಚುಚ್ಚಬಾರದೆಂದು ಹಾಗೆ. ಉಗುರಿನ ಸಂದಿಯಲ್ಲಿ ಮಾತ್ರ ರಾಳ ಒಣಗಿ, ಗಟ್ಟಿಯಾದ ಬೆಲ್ಲದ ಪಾಕದಂತೆ ಹೊಳೆಯುತ್ತಿತ್ತು. ಹತ್ತಿರ ಹೋದರೆ ಎಳೆಗೂಸಿನ ವಾಸನೆಯೂ ಪೇಂಟಿನ ವಾಸನೆಯೂ ಒಟ್ಟಿಗೇ ಬರುತ್ತಿದ್ದವು.

ಮಕ್ಕಳೇ, ನೀವಿಬ್ಬರೂ ಅವರನ್ನು ನೋಡಿದ್ದೀರಿ, ಆದರೆ ಆಗ ನೀವು ತೀರ ಚಿಕ್ಕವರು. ದಿಲ್ಲಿ ಪಕ್ಕದ ಈ ಇಂದಿರಾಪುರಂನ ನಮ್ಮ ಸೊಸೈಟಿಯ ಹಿಂದಿನ ಗೇಟು ದಾಟಿದರೆ ಹಳೆಯ ಊರಿನ ಗಲ್ಲಿ ಸಿಗುತ್ತದಲ್ಲ, ಅಲ್ಲಿ ಅವರ ಶೆಡ್ಡು. ಗಲ್ಲಿಯವರೆಲ್ಲ ಅತ್ತಿಗೆಯೆಂಬ ಅರ್ಥದಲ್ಲಿ ಭಾಭೀಜಿ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಅವರ ಗಂಡ ಹಳೆಯ ಜೀಪುಗಳ ಮೇಲೆ ಫೈಬರಿನ ಮೈ ಕೂರಿಸಿ, ರಾಜರ ಕಾಲದ ಕಾರಿನಂತೆ ಕಾಣುವ ತೆರೆದ ಗಾಡಿಗಳನ್ನು ಮಾಡುತ್ತಿದ್ದರಂತೆ. ಇಲ್ಲಿಯ ಬಾರಾತಿನಲ್ಲಿ, ಎಂದರೆ ಗಂಡಿನ ದಿಬ್ಬಣದಲ್ಲಿ, ಮದುಮಗ ಅಂಥ ಗಾಡಿಯಲ್ಲಿ ಕೂತು ಬರುತ್ತಾನೆ. ಗಂಡ ತೀರಿಕೊಂಡ ಮೇಲೆ ಭಾಭೀಜಿಗೆ ಉಳಿದದ್ದು ಕೆನೆ ಬಣ್ಣದ ಒಂದೇ ಗಾಡಿ. ರಿಪೇರಿ ಅವರದೇ. ಓಡಿಸುವುದೂ ಬರುತ್ತಿತ್ತು. ಆದರೆ ಮದುವೆಯ ದಿನ ಗಲ್ಲಿಯ ತುದಿಯವರೆಗೆ ತಂದು, ಅಲ್ಲಿ ಡ್ರೈವರನ ಕೈಗೆ ಕೀಲಿ ಕೊಟ್ಟು ಹಿಂದಿರುಗುತ್ತಿದ್ದರು. ಯಾಕೆಂದು ನಾನು ಕೇಳಲಿಲ್ಲ. ನಿಮ್ಮ ತಾತ ಹೋದ ಮೇಲೆ ನಾನೂ ಶುಭಕಾರ್ಯಗಳಲ್ಲಿ ಅಡುಗೆಮನೆಯ ಬಾಗಿಲಿನಿಂದ ಈಚೆಗೆ ಬಂದವಳಲ್ಲ.

ನಮ್ಮ ಪರಿಚಯವಾದದ್ದು ತರಕಾರಿ ತರುವ ದಾರಿಯಲ್ಲಿ. ಭಾಭೀಜಿ ಗಾಡಿಯ ಒಂದು ಬಾಗಿಲನ್ನು ಬೋರಲು ಹಾಕಿ, ಗಾಜಿನೆಳೆಯ ಬಟ್ಟೆಯ ತುಂಡಿಟ್ಟು, ರಾಳದ ಬ್ರಷ್ಷಿನಿಂದ ತಟ್ಟುತ್ತಿದ್ದರು. ನಾನು ನಿಂತುಬಿಟ್ಟೆ. ನಮ್ಮೂರಿನಲ್ಲಿ ಹೊಸ ಮೊರ ತಂದರೆ ನೆನೆಸಿದ ಮೆಂತ್ಯ ರುಬ್ಬಿ, ಕಾಗದ ಕಲಸಿ ಮೆತ್ತುತ್ತಿದ್ದೆವು. ಎಳೆದು ಬಳಿದರೆ ಕಾಗದ ಕಿತ್ತು ಬರುತ್ತದೆ, ತಟ್ಟಿಯೇ ಕೂರಿಸಬೇಕು. ಅವರ ಕೈ ಮಾಡುತ್ತಿದ್ದದ್ದು ಅದನ್ನೇ.

“ಏನು ನೋಡ್ತಿದೀರಿ, ಮದ್ರಾಸಿ ಬೆಹನ್?” ಎಂದರು ಹಿಂದಿಯಲ್ಲಿ.

ಜೊತೆಗಿದ್ದ ನಿಮ್ಮಮ್ಮನೇ ಉತ್ತರ ಕೊಟ್ಟಳು. “ಮದ್ರಾಸಲ್ಲ ಭಾಭೀಜಿ, ಕರ್ನಾಟಕ.”

“ಅಚ್ಛಾ. ಮದ್ರಾಸಿಗೆ ದೂರವಾ?”

“ದೂರವೇ.”

“ದಿಲ್ಲಿಗಿಂತ?”

“ಅಷ್ಟಿಲ್ಲ.”

“ಮತ್ತೆ! ಮದ್ರಾಸೇ ಆಯಿತಲ್ಲ.” ಹಾಗೆಂದವರು ನನ್ನ ಕೈ ನೋಡಿದರು. ನನಗೆ ಗೊತ್ತಿಲ್ಲದೆಯೇ ನನ್ನ ಬೆರಳುಗಳು ಗಾಳಿಯಲ್ಲಿ ತಟ್ಟುತ್ತಿದ್ದವು. “ಚಲೋ, ಪೌಡರ್ ಹಚ್ಚಿಕೊಳ್ಳಿ,” ಎಂದು ಡಬ್ಬಿ ಮುಂದೆ ಚಾಚಿದರು.

ಅಂದಿನಿಂದ ಮಧ್ಯಾಹ್ನದ ಹೊತ್ತು ನಾನು ಅಲ್ಲಿಯೇ. ಮಾತು ಅವರದು, ಕೇಳುವುದು ನನ್ನದು. ಬರಬರುತ್ತ ಹಿಂದಿ ಅರ್ಥವಾಯಿತು, ಆಡಲು ಮಾತ್ರ ನಾಚಿಕೆ. ಆ ಗಾಡಿಯ ಮೈ ಬಹಳ ತೆಳು. ಮುಂದಿನ ಚಕ್ರಗಳ ಮೇಲೆ ಅಲೆಯ ಹಾಗೆ ಬಾಗಿದ ಮಡ್‌ಗಾರ್ಡುಗಳನ್ನು ಬೆರಳಿನಿಂದ ಒತ್ತಿದರೆ ಹಪ್ಪಳದ ಹಾಗೆ ಸದ್ದಾಗುತ್ತಿತ್ತು. ಬಾರಾತಿನ ಹುಡುಗರು ಸುಮ್ಮನೆ ನಡೆದು ಬರುವವರಲ್ಲ, ಹತ್ತಿ ಕುಣಿಯುವವರು. ಒಂದು ಮದುವೆಯಲ್ಲಿ ಮದುಮಗನ ತಮ್ಮ ಮಡ್‌ಗಾರ್ಡಿನ ಮೇಲೆ ನೆಗೆದು ಮಂಡಿಯವರೆಗೆ ಒಳಗೆ ಹೋಗಿದ್ದನಂತೆ. “ಕಾಲು ಒಳಗೆ ಸಿಕ್ಕಿದೆ, ಕೈ ಇನ್ನೂ ಕುಣೀತಿದೆ,” ಎಂದು ಭಾಭೀಜಿ ಅಭಿನಯಿಸಿ ತೋರಿಸಿ ನಗುತ್ತಿದ್ದರು.

ಆ ವರ್ಷ ಅವರ ಒಬ್ಬಳೇ ಮಗಳ ಮದುವೆ ಗೊತ್ತಾಯಿತು. ಹುಡುಗಿ ನೋಯ್ಡಾದಲ್ಲಿ ಕೆಲಸದಲ್ಲಿದ್ದಳು, ಗಟ್ಟಿಗಿತ್ತಿ. ಮಂಟಪಕ್ಕೆ ತಾನು ಈ ಗಾಡಿಯಲ್ಲೇ ಬರುತ್ತೇನೆ, ಅಮ್ಮನೇ ಓಡಿಸಬೇಕು ಎಂದಳು. ಮನೆಯ ಹಿರಿಯರೆಂದರೆ ಅವಳ ದೊಡ್ಡಪ್ಪ, ಭಾಭೀಜಿಯ ಗಂಡನ ಅಣ್ಣ. ಶೆಡ್ಡಿಗೆ ಬಂದು ಕುರ್ಚಿಯ ಮೇಲೆ ಕೂತರು. ಗಂಡನಿಲ್ಲದವಳು ಮದುಮಗಳ ಮುಂದೆ ಕೂರುವುದು ಅವರಿಗೆ ಸರಿಬರಲಿಲ್ಲ, ಆದರೆ ಬಾಯಿಬಿಟ್ಟು ಅದನ್ನು ಹೇಳಲಿಲ್ಲ.

“ಗಾಡಿ ಗಟ್ಟಿಯಿಲ್ಲ ಮಗಳೇ. ಎಲ್ಲರೆದುರು ಮುರಿದರೆ ಮರ್ಯಾದೆ ಏನಾಗುತ್ತೆ? ಬೇರೆ ಕಾರು, ಬೇರೆ ಡ್ರೈವರ್ ಮಾಡೋಣ.”

“ಗಟ್ಟಿಯಾದರೆ, ತಾಊಜಿ?”

“ಆದಾಗ ನೋಡೋಣ.”

“ನೋಡೋಣ ಬೇಡ. ಹ್ಞೂಂ ಅನ್ನಿ.”

ಅವರು ಮಡ್‌ಗಾರ್ಡನ್ನು ಬೆರಳಿನಿಂದ ಬಾರಿಸಿದರು. “ಮದುವೆಯ ಹಿಂದಿನ ದಿನ ಬಂದು ಇದರ ಮೇಲೆ ಕೂರುತ್ತೇನೆ. ತಡೆದರೆ ನಿಮ್ಮಮ್ಮ ಓಡಿಸಲಿ.” ಅವರದು ದೊಡ್ಡ ಶರೀರ. ನಾನು ಭಾಭೀಜಿಯ ಮುಖ ನೋಡಿದೆ. ಅವರು ಮಡ್‌ಗಾರ್ಡನ್ನು ನೋಡುತ್ತಿದ್ದರು.

“ತೆಳ್ಳಗಿರೋದು ತಪ್ಪಲ್ಲ ಬೆಹನ್,” ಎಂದರು ಭಾಭೀಜಿ, ದೊಡ್ಡಪ್ಪ ಹೋದ ಮೇಲೆ. “ಒಳಗಿಂದ ಹಿಡಿದುಕೊಳ್ಳೋದಕ್ಕೆ ಏನೂ ಇಲ್ಲವಲ್ಲ, ಅದು ತಪ್ಪು.”

ಬಟ್ಟೆ ಅಂಗಡಿಯಿಂದ ಥಾನು ಸುತ್ತುವ ರಟ್ಟಿನ ಕೊಳವೆಗಳನ್ನು ತಂದು ಉದ್ದಕ್ಕೆ ಸೀಳಿದೆವು. ಅವನ್ನು ಮಡ್‌ಗಾರ್ಡಿನ ಒಳಮೈಗೆ ಪಕ್ಕೆಲುಬಿನ ಹಾಗೆ ಇಟ್ಟು, ಮೇಲೆ ಗಾಜಿನ ಬಟ್ಟೆ ಹಾಸಿ, ರಾಳ ತಟ್ಟಿದರೆ ಬಲ ಬರುತ್ತದೆ. ಗಾಡಿಯಡಿ ತೂರಿಕೊಂಡು ಮಾಡುವುದು ನಮ್ಮ ವಯಸ್ಸಿಗೆ ಕಷ್ಟವೆಂದು ಮಡ್‌ಗಾರ್ಡುಗಳನ್ನೇ ಬಿಚ್ಚಿ, ಚಳಿಗಾಲದ ಬಿಸಿಲಿಗೆ ಎರಡು ಹಗ್ಗದ ಮಂಚಗಳ ಮೇಲೆ ಅಂಗಾತ ಮಲಗಿಸಿದೆವು. ಪಕ್ಕದಲ್ಲಿ ಕೂತು ಕಡಲೇಕಾಯಿ ಸುಲಿಯುತ್ತ, ಚಹಾ ಕುಡಿಯುತ್ತ ಬಹಳ ಸುಖವಾಗಿ ಕೆಲಸ ಮುಗಿಸಿದೆವು.

ಒಣಗಿದ ಮೇಲೆ ಕಲ್ಲಿನ ಹಾಗಿತ್ತು. ಗಾಡಿಗೆ ಕೂರಿಸಲು ಹೋದರೆ ಒಂದೂ ಕೂರಲಿಲ್ಲ. ಮಂಚದ ಹಗ್ಗ ನಡುವೆ ಜೋತುಬಿದ್ದಿತ್ತು. ತೆಳುವಾದ ಫೈಬರು ಆ ತಗ್ಗಿಗೆ ಬಾಗಿ, ನಾವು ಕೊಟ್ಟ ಬಲದಿಂದ ಹಾಗೆಯೇ ನಿಂತುಬಿಟ್ಟಿತ್ತು. ಬೋಲ್ಟಿನ ತೂತುಗಳು ಅಂಗೈ ಅಗಲದಷ್ಟು ಆಚೆ.

ಭಾಭೀಜಿ ನೆಲದ ಮೇಲೆ ಕೂತರು. ಅವರು ಅಳುತ್ತಾರೆಂದೇ ನಾನು ಅಂದುಕೊಂಡೆ. “ಮಂಚದ ಮೇಲೆ ಮಲಗಿಸಿದ್ದು ನಾವೇ,” ಎಂದರು ಕೊನೆಗೆ. “ಈಗ ಏಳು ಅಂದರೆ ಎಲ್ಲಿ ಏಳುತ್ತೆ?” ಆಮೇಲೆ ಗರಗಸ ತೆಗೆದುಕೊಂಡರು.

ಪಕ್ಕೆಲುಬುಗಳನ್ನೆಲ್ಲ ಕೊಯ್ದು, ಅಂಟಿಸಿದ್ದನ್ನೆಲ್ಲ ಉಜ್ಜಿ ತೆಗೆದ ಮೇಲೆ ಮಡ್‌ಗಾರ್ಡುಗಳು ಮತ್ತೆ ಮೊದಲಿನಂತೆ ಮೆತ್ತಗಾದವು. ಈ ಸಲ ಅವನ್ನು ಗಾಡಿಗೇ ಬಿಗಿದು, ಚಕ್ರ ಕಳಚಿ, ಗೋಣಿ ಹಾಸಿ ಅದರಡಿ ನಾವೇ ಅಂಗಾತ ಮಲಗಿದೆವು. ತಲೆಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡಿದ್ದೆವು. ನನ್ನ ಚೀಲ ಜಾರಿ, ಸೆಟೆದುಕೊಂಡಿದ್ದ ಎರಡು ಕೂದಲು ಎಡಗಡೆಯ ಮಡ್‌ಗಾರ್ಡಿನ ಹಸಿ ರಾಳಕ್ಕೆ ಅಂಟಿಕೊಂಡವು. ತಲೆ ಎಳೆದುಕೊಂಡಾಗ ಕಿತ್ತು ಅಲ್ಲೇ ಉಳಿದವು. ನಾನು ಗಾಬರಿಯಿಂದ ಬಿಡಿಸಲು ಹೋದೆ. ಮದುವೆಯ ಗಾಡಿಗೆ ನನ್ನ ಕೂದಲೇ?

ಭಾಭೀಜಿ ನನ್ನ ಕೈ ಹಿಡಿದರು. “ಇರಲಿ ಬಿಡಿ. ನೀವಂತೂ ಯಾವ ಮದುವೆಗೂ ಹೋಗೋದಿಲ್ಲ. ಅದಾದರೂ ಹೋಗಿ ಬರಲಿ,” ಎಂದು ಅದರ ಮೇಲೆಯೇ ಇನ್ನೊಂದು ತುಂಡು ಗಾಜಿನ ಬಟ್ಟೆಯಿಟ್ಟು ತಟ್ಟಿದರು.

ಮದುವೆಯ ಹಿಂದಿನ ದಿನ ದೊಡ್ಡಪ್ಪ ಬಂದರು. ಎಡಗಡೆಯ ಮಡ್‌ಗಾರ್ಡಿನ ಮೇಲೆ ಕೂತರು. ಸದ್ದಿಲ್ಲ. ಎದ್ದು, ಇನ್ನೊಮ್ಮೆ ಧಪ್ಪನೆ ಕೂತರು. ಮಗಳು ಸೊಂಟದ ಮೇಲೆ ಕೈಯಿಟ್ಟು ನೋಡುತ್ತಿದ್ದಳು.

“ಚಹಾ ಅಲ್ಲಿಗೇ ತರಲಾ, ತಾಊಜಿ? ಆರಾಮವಾಗಿ ಕೂತಿದೀರಿ.”

ಅವರು ಕೂತಲ್ಲಿಂದಲೇ ಭಾಭೀಜಿಯ ಕಡೆ ತಿರುಗಿದರು. “ನಾಳೆ ನಿಧಾನವಾಗಿ ಓಡಿಸು,” ಎಂದರು. ಚಹಾವನ್ನು ಅಲ್ಲಿಯೇ ಕುಡಿದರು ಕೂಡ.

ಮರುದಿನ ಸಂಜೆ ನಿಮ್ಮಮ್ಮನ, ನಿಮ್ಮಿಬ್ಬರ ಜೊತೆ ನಾನು ಗೇಟಿನ ಹತ್ತಿರ ಗೋಡೆಗೊರಗಿ ನಿಂತಿದ್ದೆ, ದೂರದಿಂದ ನೋಡಿ ಹೋಗೋಣವೆಂದು. ಸೇವಂತಿಗೆ ಸುತ್ತಿದ ಗಾಡಿ ಬಂತು. ಹಿಂದೆ ಮಗಳು, ಮುಂದೆ ಸ್ಟೀರಿಂಗ್ ಹಿಡಿದ ಭಾಭೀಜಿ, ಹಸಿರು ಸೀರೆಯಲ್ಲಿ. ಕೈಗಳಲ್ಲಿ ಪೌಡರ್ ಇರಲಿಲ್ಲ. ಮೊಣಕೈವರೆಗೆ ಅವರ ಬಣ್ಣ ಇಷ್ಟು ಕಪ್ಪೇ ಎಂದು ನನಗೆ ಆಶ್ಚರ್ಯವಾಯಿತು. ಗಾಡಿ ನನ್ನ ಮುಂದೆ ನಿಂತಿತು.

“ಹತ್ತಿ.”

ನಾನು ಒಲ್ಲೆನೆಂದು ತಲೆಯಾಡಿಸಿದೆ.

“ದಾರಿಯಲ್ಲಿ ಬಿರುಕು ಬಿಟ್ಟರೆ ನಾನು ಯಾರನ್ನ ಬಯ್ಯಲಿ? ಹತ್ತಿ ಅಂದೆ.” ಹಿಂದಿನಿಂದ ಬ್ಯಾಂಡಿನವರು ಕಾಯುತ್ತಿದ್ದರು, ಹಾರ್ನುಗಳು ಶುರುವಾಗಿದ್ದವು. ನಿಮ್ಮಮ್ಮ ನನ್ನನ್ನು ಬೆನ್ನ ಹಿಂದಿನಿಂದ ತಳ್ಳಿದಳು. ನಾನು ಹತ್ತಿ ಮುಂದಿನ ಸೀಟಿನಲ್ಲಿ ಕೂತೆ. ನೀವಿಬ್ಬರೂ ಪಕ್ಕದಲ್ಲಿ ಓಡುತ್ತ “ಅಜ್ಜಿ, ಅಜ್ಜಿ” ಎಂದು ಕೂಗುತ್ತಿದ್ದಿರಿ. ಅಷ್ಟು ಜನರ ಮುಂದೆ ನಾನು ಹಾಗೆ ಎದುರಿಗೆ ಕೂತದ್ದು ನನ್ನ ಮದುವೆಯ ನಂತರ ಅದೇ ಮೊದಲು.

ಕಳೆದ ಬೇಸಿಗೆಯಲ್ಲಿ ಭಾಭೀಜಿ ತೀರಿಕೊಂಡರು. ಕಾಯಿಲೆ ಬಹಳ ದಿನ ಕಾಡಲಿಲ್ಲ. ಗಾಡಿ ಮಗಳ ಹತ್ತಿರ ಇದೆ. ಅವಳೇ ರಿಪೇರಿ ಮಾಡುತ್ತಾಳೆ, ಆಗಾಗ ನನ್ನನ್ನು ಕರೆಯುತ್ತಾಳೆ. ಪೌಡರ್ ಡಬ್ಬಿ ಶೆಡ್ಡಿನ ಕಿಟಕಿಯಲ್ಲಿ ಈಗಲೂ ಇದೆ.

ಮದುವೆಯ ದಿನಗಳಲ್ಲಿ ಬ್ಯಾಂಡಿನ ಸದ್ದು ಕೇಳಿದರೆ ನಾನು ಬಾಲ್ಕನಿಗೆ ಬಂದು ನಿಲ್ಲುತ್ತೇನೆ. “ಅಜ್ಜಿ, ಯಾರನ್ನ ದೇಖ್ ರಹೀ ಹೋ, ದೂಲ್ಹಾನನ್ನಾ?” ಎಂದು ನೀವು ಕೇಳುತ್ತೀರಿ. ಮದುಮಗನನ್ನಲ್ಲ. ಕೆನೆ ಬಣ್ಣದ ಗಾಡಿ ಬಂತೇ ಎಂದು ನೋಡುತ್ತೇನೆ. ಬಂದರೆ ಅದರ ಎಡಗಡೆಯ ಮಡ್‌ಗಾರ್ಡಿನ ಮೇಲೆ ಯಾವನೋ ಹುಡುಗ ಹತ್ತಿ ಕುಣಿಯುತ್ತಿರುತ್ತಾನೆ. ಅವನ ಕಾಲಡಿ, ಒಳಗೆ, ನನ್ನ ಎರಡು ಬಿಳಿ ಕೂದಲಿವೆ.

ಬರುವ ವಾರ ಎದುರು ಟವರಿನವರ ಮನೆಯಲ್ಲಿ ಮದುವೆ. ನನ್ನನ್ನೂ ಕರೆದಿದ್ದಾರೆ. ನಿಮ್ಮಮ್ಮನಿಗೆ ಹೇಳಿದ್ದೇನೆ, ನನ್ನ ನೀಲಿ ಸೀರೆಗೆ ಇಸ್ತ್ರಿ ಹಾಕಿಸಿಡು ಎಂದು.