ಹುಳುಮನೆಯೊಳಗೆ ಒಂಬತ್ತು ಜನ

ಕೋವಿಡ್ ಅಡಗಿದ ಮರುವರ್ಷ ನಾನು ಕೋಲಾರದ ಪತ್ರಿಕಾ ಕಚೇರಿಯ ಕೆಲಸ ಬಿಟ್ಟೆ. ಇಪ್ಪತ್ತಾರು ವರ್ಷ ವರದಿಗಾರನಾಗಿದ್ದವನಿಗೆ ಆಗ ಐವತ್ತೆರಡು. ಒಂದೇ ಕಡೆ ನೌಕರಿ ಮಾಡದೆ ಹಲವು ಸಣ್ಣ ಕೆಲಸಗಳನ್ನು ಜೋಡಿಸಿಕೊಂಡು ಬದುಕುವುದಕ್ಕೆ ಈಗ ಪೋರ್ಟ್‌ಫೋಲಿಯೊ ಕರಿಯರ್ ಎನ್ನುತ್ತಾರೆ. ನನ್ನದು ಹೀಗಿತ್ತು: ವಾರಕ್ಕೆ ಎರಡು ದಿನ ಮಾಲೂರಿನ ಕಾರ್ಖಾನೆಯೊಂದರ ಸುರಕ್ಷತಾ ಕೈಪಿಡಿಗಳನ್ನು ಕನ್ನಡಕ್ಕೆ ತರುವುದು, ಒಂದು ದಿನ ಶ್ರೀನಿವಾಸಪುರದಲ್ಲಿ ಬರವಣಿಗೆಯ ತರಗತಿ, ಉಳಿದಂತೆ ಕೋಚಿಂಗ್. ವಿಸಿಟಿಂಗ್ ಕಾರ್ಡಿನ ಮೇಲೆ ‘ಸ್ವತಂತ್ರ ಸಲಹೆಗಾರ ಮತ್ತು ಕೋಚ್’ ಎಂದು ಅಚ್ಚು ಹಾಕಿಸಿದ್ದೆ. ಆ ಕಾರ್ಡನ್ನು ಕಂಡರೆ ಹೇಸಿಗೆಯಾಗುವಂತೆ ಮಾಡಿದ ಪ್ರಕರಣ ಇದು.

ಬೆಂಗಳೂರಿನ ಸಂಸ್ಥೆಯೊಂದು ಹಳ್ಳಿಯ ಅನುಭವಿ ಮಹಿಳೆಯರನ್ನು ಆರಿಸಿ, ಸುತ್ತಲಿನ ರೈತರಿಗೆ ಸ್ವತಂತ್ರ ಸಲಹೆಗಾರರನ್ನಾಗಿ ಮಾಡುವ ಯೋಜನೆ ಹಾಕಿತ್ತು. ಪ್ರತಿಯೊಬ್ಬರಿಗೂ ಒಬ್ಬ ಕೋಚ್. ಆರು ತಿಂಗಳ ಕೊನೆಗೆ ಮೌಲ್ಯಮಾಪನ, ತೇರ್ಗಡೆಯಾದರೆ ಪ್ರಮಾಣಪತ್ರ. ನನ್ನ ಪಾಲಿಗೆ ಬಂದವರು ಮುಳಬಾಗಿಲು ತಾಲ್ಲೂಕಿನ ಆವನಿ ಪಕ್ಕದ ಹಳ್ಳಿಯ ರತ್ನಮ್ಮ.

ರತ್ನಮ್ಮ ಇಪ್ಪತ್ತು ವರ್ಷದಿಂದ ರೇಷ್ಮೆ ಹುಳು ಸಾಕುತ್ತಿದ್ದರು. ಸಂಸ್ಥೆ ಬರುವ ಮೊದಲೇ ಹನ್ನೊಂದು ಮನೆಗಳು ಅವರ ಸಲಹೆ ಕೇಳುತ್ತಿದ್ದವು. ಅಲ್ಲಿ ಒಂದು ಕಟ್ಟುನಿಟ್ಟಿದೆ. ಹುಳು ಬೆಳೆಯುತ್ತಿರುವಾಗ ಒಬ್ಬ ಸಾಕಣೆದಾರ ಇನ್ನೊಬ್ಬರ ಹುಳುಮನೆಗೆ ಕಾಲಿಡುವುದಿಲ್ಲ. ಇಟ್ಟ ಮೇಲೆ ಬೆಳೆ ಕೆಟ್ಟರೆ ಆ ದೂರು ಕಾಲಿಟ್ಟವರ ಮೇಲೆಯೇ. ಅದಕ್ಕೆ ರತ್ನಮ್ಮ ತಮ್ಮದೇ ಕ್ರಮ ಮಾಡಿಕೊಂಡಿದ್ದರು. ಬೆಳಿಗ್ಗೆ ಮಿಂದು, ಒಗೆದ ಸೀರೆ ಉಟ್ಟು ಹೋಗುವುದು. ದಿನಕ್ಕೆ ಒಂದೇ ಮನೆ. ಹೊಸ್ತಿಲಾಚೆ ನಿಲ್ಲುವುದು. ಮನೆಯವರು ಏಳೆಂಟು ಹುಳುಗಳನ್ನು ಹಳೆಯ ಪೇಪರಿನ ಮೇಲಿಟ್ಟು ತರುತ್ತಾರೆ. ರತ್ನಮ್ಮ ಮುಟ್ಟದೆ ನೋಡುತ್ತಾರೆ, ಹಿಪ್ಪುನೇರಳೆ ಸೊಪ್ಪು ಮೂಸುತ್ತಾರೆ, ಒಳಗೆ ಹುಳುಗಳು ಎಲೆ ಮೇಯುವ ಸದ್ದಿಗೆ ಕಿವಿ ಕೊಡುತ್ತಾರೆ. ಆಮೇಲೆ ನಾಲ್ಕು ಮಾತು.

ಒಂದು ಸಲ ನಾನು ಕೇಳಿದೆ, “ಒಳಗೆ ಹೋಗಿ ನೋಡಿದ್ರೆ ಇನ್ನೂ ಚೆನ್ನಾಗಿ ಗೊತ್ತಾಗಲ್ವಾ ರತ್ನಮ್ಮ?”

“ರೋಗ ನನ್ ಸೆರಗಲ್ಲೇ ಇರ್ಬೋದಲ್ವಾ ಸಾರ್? ಬುದ್ಧಿ ಹೇಳಕ್ಕೆ ಬಂದೋಳು ರೋಗ ಹಂಚಿ ಹೋಗ್ಲಾ?” ಎಂದು ನಕ್ಕರು.

ಇದಕ್ಕಿಂತ ವೃತ್ತಿಪರವಾದ ಮಾತನ್ನು ನಾನು ಯಾವ ತರಬೇತಿಯಲ್ಲೂ ಕೇಳಿಲ್ಲ. ಆದರೆ ಅಂದು ಸಂಜೆ ಸಂಸ್ಥೆಗೆ ಕಳಿಸಿದ ಪ್ರಗತಿ ವರದಿಯಲ್ಲಿ, ‘ಆತ್ಮವಿಶ್ವಾಸ’ ಎಂಬ ಕಾಲಮ್ಮಿನಲ್ಲಿ, ನಾನು ಬರೆದದ್ದು ಇದು: “ಹಿಂಜರಿಕೆ ಇದೆ. ಹೊಸ್ತಿಲು ದಾಟಬೇಕು.” ಶೀರ್ಷಿಕೆ ಕೊಟ್ಟು ಪಳಗಿದ ಕೈ. ಬರೆದು ಖುಷಿಯನ್ನೂ ಪಟ್ಟೆ.

ಐದನೇ ತಿಂಗಳಲ್ಲಿ ಯೋಜನೆಯ ಮ್ಯಾನೇಜರ್ ಫೋನ್ ಮಾಡಿದ. ಕಿರಣ್ ಎಂದು ಹೆಸರು, ಮೂವತ್ತರ ಆಸುಪಾಸು. ದೇಣಿಗೆ ಕೊಡುವವರು ನೋಡಲು ಬರುತ್ತಿದ್ದಾರೆ, ರತ್ನಮ್ಮ ಗ್ರಾಹಕರೊಬ್ಬರ ಹುಳುಮನೆಯೊಳಗೆ ನಿಂತು ಸಲಹೆ ಕೊಡುವುದನ್ನು ತೋರಿಸಬೇಕು ಎಂದ. ನಾನು ರತ್ನಮ್ಮನ ಕ್ರಮ ವಿವರಿಸಿದೆ.

“ಬಾಗ್ಲಲ್ಲಿ ನಿಂತ್ರೆ ಅದು ಕನ್ಸಲ್ಟಿಂಗ್ ಹೆಂಗಾಗುತ್ತೆ ಸಾರ್? ಫೋಟೊದಲ್ಲಿ ಗೋಡೆ ಕಾಣ್ಸುತ್ತೆ ಅಷ್ಟೆ. ಹೊಸ್ತಿಲು ದಾಟಬೇಕು ಅಂತ ನೀವೇ ಬರ್ದಿದೀರಲ್ಲ.”

ನಾನು ಅಲ್ಲಿಗೇ ಫೋನ್ ಇಡಬೇಕಿತ್ತು. ಇಡಲಿಲ್ಲ. ರತ್ನಮ್ಮನ ಮನೆಗೆ ಹೋಗಿ, ಒಂದೇ ಒಂದು ಸಲ, ಪ್ರಮಾಣಪತ್ರ ಸಿಕ್ಕರೆ ಮುಂದೆ ನಿಮ್ಮ ಕ್ರಮವೇ ನಡೆಯಲಿ ಎಂದು ಒಪ್ಪಿಸಿದೆ. ಅವರು ಬಹಳ ಹೊತ್ತು ಸೊಪ್ಪು ಕತ್ತರಿಸುತ್ತಲೇ ಇದ್ದರು.

“ನೀವು ಹೇಳ್ತಿದೀರಾ ಅಂತ ಒಪ್ತೀನಿ. ಆದ್ರೆ ಮೂರೇ ಜನ. ಚಪ್ಲಿ ಹೊರ್ಗೆ. ಕೈಕಾಲು ತೊಳ್ಕೊಂಡೇ ಒಳಕ್ಕೆ.”

ಅದೇ ಊರಿನ ವೆಂಕಟರಾಯಪ್ಪನ ಮನೆ ನಿಗದಿಯಾಯಿತು. ಕೇಳಿದವರು ರತ್ನಮ್ಮ ಎಂಬ ಒಂದೇ ಕಾರಣಕ್ಕೆ ಆತ ಒಪ್ಪಿದ. ಅಲ್ಲಿ ಹುಳುಗಳು ನಾಲ್ಕನೇ ಜ್ವರ ಎದ್ದು ಒಂದು ದಿನವಾಗಿತ್ತು. ಹುಳು ಮೇವು ಬಿಟ್ಟು ಪೊರೆ ಕಳಚುವುದಕ್ಕೆ ಜ್ವರ ಎನ್ನುತ್ತಾರೆ. ನಾಲ್ಕನೆಯದು ಕೊನೆಯದು. ಇನ್ನೊಂದು ವಾರ ಮೇದರೆ ಗೂಡು ಕಟ್ಟುತ್ತವೆ.

ಮೂರು ಕಾರು ಬಂದವು. ಇಳಿದವರು ಕಿರಣ್ ಸೇರಿ ಒಂಬತ್ತು ಜನ. ನಾನು ಎಣಿಸಿದೆ, ಎಣಿಸುವುದು ಹಳೆಯ ಚಾಳಿ. ಬಾಗಿಲಲ್ಲಿ ಬಕೆಟ್ ನೀರು, ತುಳಿದು ಒಳಹೋಗಲು ಸುಣ್ಣ, ಬ್ಲೀಚಿಂಗ್ ಪುಡಿ ಹರಡಿದ ಗೋಣಿಚೀಲ ಇದ್ದವು. ನಾಲ್ವರು ಕೈಕಾಲು ತೊಳೆದರು. ಇಬ್ಬರು ಶೂ ಬಿಚ್ಚದೆ ಗೋಣಿಚೀಲವನ್ನು ದಾಟಿಯೇ ಹೋದರು. ಒಳಗೆಲ್ಲ ಸೆಂಟಿನ ವಾಸನೆ. ಒಬ್ಬಾಕೆ ಹುಳುವನ್ನು ಅಂಗೈ ಮೇಲಿಟ್ಟು ಸೆಲ್ಫಿ ತೆಗೆದುಕೊಂಡು, ಅದನ್ನು ಹುಳು ಸಾಕುವ ಬೇರೊಂದು ತಟ್ಟೆಗೆ ಬಿಟ್ಟರು. ರತ್ನಮ್ಮ ನನ್ನ ಕಡೆ ನೋಡಿದರು. ಆ ನೋಟಕ್ಕೆ ನಾನು ಕೊಟ್ಟ ಉತ್ತರ, “ಐದೇ ನಿಮಿಷ.” ಇಪ್ಪತ್ತು ನಿಮಿಷವಾಯಿತು. ಕಿರಣ್ ರತ್ನಮ್ಮನ ಕೈಗೆ ಪ್ಯಾಡ್, ಪೆನ್ನು ಹಿಡಿಸಿ, “ನಗ್ರೀ ಅಮ್ಮಾ, ಸ್ವಲ್ಪ ಎಕ್ಸ್‌ಪರ್ಟ್ ಥರ ನಿಂತ್ಕೊಳ್ಳಿ” ಎಂದ. ಇಪ್ಪತ್ತು ವರ್ಷದ ಎಕ್ಸ್‌ಪರ್ಟಿಗೆ.

ಆರನೇ ದಿನ ರತ್ನಮ್ಮನ ಫೋನ್. “ಸಾರ್, ಅಲ್ಲಿ ಹುಳ ಎಲೆ ಮುಟ್ತಿಲ್ವಂತೆ.”

ನಾನು ಹೋಗುವ ಹೊತ್ತಿಗೆ ವಾಸನೆ ಬೀದಿಗೇ ಹೊಡೆಯುತ್ತಿತ್ತು. ಸಪ್ಪೆ ರೋಗ. ಹುಳು ಜೋತುಬಿದ್ದು, ಕಪ್ಪಾಗಿ, ಕೊಳೆಯುತ್ತದೆ. ವೆಂಕಟರಾಯಪ್ಪ ಮತ್ತು ಆತನ ಹೆಂಡತಿ ತಟ್ಟೆ ತಟ್ಟೆ ಹೊತ್ತು ತಂದು ಗುಂಡಿಗೆ ಸುರಿದು ಸುಣ್ಣ ಹಾಕುತ್ತಿದ್ದರು. ಆತ ನನ್ನನ್ನು ಮಾತಾಡಿಸಲೇ ಇಲ್ಲ. ದೂರ ನಿಂತಿದ್ದ ರತ್ನಮ್ಮನಿಗೆ ಹೇಳಿದ್ದು ಒಂದೇ ಮಾತು:

“ನಿನ್ ಮಾತ್ಗೆ ಬಾಗ್ಲು ತೆಗ್ದೆ ಕಣಮ್ಮಾ.”

ಸಾವಿಗೆ ನಮ್ಮ ಭೇಟಿಯೇ ಕಾರಣ ಎಂದು ನಾನು ಸಾಬೀತು ಮಾಡಲಾರೆ. ಸೊಪ್ಪಿನಿಂದಲೂ ಬರಬಹುದು, ಸೆಕೆಗೂ ಬರಬಹುದು. ಆದರೆ ಊರಿಗೆ ಬೇರೆ ಕಾರಣ ಬೇಕಿರಲಿಲ್ಲ. ಹದಿನೈದು ದಿನದೊಳಗೆ ಹನ್ನೊಂದು ಮನೆಗಳೂ ರತ್ನಮ್ಮನನ್ನು ಕರೆಯುವುದು ಬಿಟ್ಟವು. ನಲ್ಲಿಯ ಹತ್ತಿರ ಒಬ್ಬಾಕೆ, “ಸರ್ಟಿಫಿಕೇಟ್ ಬಂತೇನಕ್ಕಾ?” ಎಂದು ಕೇಳಿ ನಕ್ಕಳಂತೆ.

ಸರ್ಟಿಫಿಕೇಟ್ ಬಂದಿತ್ತು, ಎ ಗ್ರೇಡಿನಲ್ಲಿ. ಅದರ ಹಿಂದೆಯೇ ನನ್ನ ಮೊಬೈಲಿಗೆ ಸಂಸ್ಥೆಯ ವಾರ್ಷಿಕ ವರದಿಯೂ ಬಂತು. ಮುಖಪುಟದಲ್ಲಿ ಹುಳುಮನೆಯೊಳಗೆ ಪ್ಯಾಡ್ ಹಿಡಿದ ರತ್ನಮ್ಮ. ಮೇಲೆ ದಪ್ಪಕ್ಷರದಲ್ಲಿ, ‘ಹೊಸ್ತಿಲು ದಾಟಿದ ರತ್ನಮ್ಮ’. ನನ್ನದೇ ಶೀರ್ಷಿಕೆ. ವರದಿಗಾರನಾಗಿದ್ದಾಗ ಶವಗಳ ಪಕ್ಕ ನಿಂತು ಟೀ ಕುಡಿದಿದ್ದೇನೆ. ಅಂದು ಆ ಪುಟ ನೋಡಿ ಊಟ ಸೇರಲಿಲ್ಲ.

ಕಿರಣ್‌ಗೆ ಫೋನ್ ಮಾಡಿ, ಬೆಳೆ ಹೋದ ವಿಷಯ ವರದಿಯಲ್ಲಿ ಬರಬೇಕು ಎಂದೆ.

“ಅದು ನಮ್ಮ ಸ್ಕೋಪ್‌ಗೆ ಬರಲ್ಲ ಸಾರ್. ಬೇಕಿದ್ರೆ ‘ಸವಾಲುಗಳಿಂದ ಕಲಿಕೆ’ ಅಂತ ಒಂದು ಬಾಕ್ಸ್ ಹಾಕೋಣ. ನೀವೇ ಪಾಸಿಟಿವ್ ಆಗಿ ಬರ್ಕೊಡಿ, ನಿಮಗೆ ಭಾಷೆ ಇದೆ.”

ನನಗೆ ಭಾಷೆ ಇದೆ ಎನ್ನುವುದೇ ಅಲ್ಲಿ ಅಸಹ್ಯದ ಸಂಗತಿಯಾಗಿತ್ತು. ಅಂದೇ ಆ ಕೆಲಸ ಬಿಟ್ಟೆ. ಬಿಟ್ಟದ್ದರಿಂದ ರತ್ನಮ್ಮನಿಗೆ ಏನೂ ಲಾಭವಾಗಲಿಲ್ಲ.

ಪತ್ರಿಕೆಯಲ್ಲಿ ತಪ್ಪು ಅಚ್ಚಾದರೆ ತಿದ್ದುಪಡಿ ಹಾಕುತ್ತೇವೆ. ತಪ್ಪು ಯಾರಿಗೆ ತಲುಪಿತೋ ಅವರಿಗೇ ಅದೂ ತಲುಪಬೇಕು. ಈ ತಪ್ಪಿನ ಓದುಗರು ಬೆಳಿಗ್ಗೆ ಹಾಲಿನ ಡೈರಿಗೆ ಬರುತ್ತಿದ್ದರು. ಅಲ್ಲಿ ತಿದ್ದುಪಡಿ ಬರೆದು ಓದಲೇ ಎಂದು ಮೊದಲು ರತ್ನಮ್ಮನನ್ನು ಕೇಳಿದೆ.

“ನನ್ ಹೆಸ್ರು ಇನ್ನೂ ಎಳೀಬೇಡಿ ಸಾರ್.”

“ನಿಮ್ಮ ಹೆಸರಿಗಿಂತ ಮೇಲೆ ನನ್ನ ಹೆಸರಿರುತ್ತೆ.”

ಸ್ವಲ್ಪ ಯೋಚಿಸಿದರು. “ಹಂಗಾದ್ರೆ ಬರೀರಿ. ಮೂರು ಜನ ಅಂದೋಳು ನಾನು, ಒಂಬತ್ತು ಜನ ತಂದೋರು ನೀವು. ಅದನ್ನ ಬಿಡ್ಬೇಡಿ.”

ಒಂದೇ ಹಾಳೆಯಲ್ಲಿ ಬರೆದೆ. ಮರುದಿನ ಆರೂವರೆಗೆ ಡೈರಿಯ ಮುಂದೆ, ಕ್ಯಾನು ಹಿಡಿದು ನಿಂತವರಿಗೆ ಓದಿ ಹೇಳಿದೆ: ವೆಂಕಟರಾಯಪ್ಪನವರ ಹುಳುಮನೆಗೆ ಹೊರಗಿನವರನ್ನು ಹೊಗಿಸಿದ್ದು ನನ್ನ ಒತ್ತಾಯ. ರತ್ನಮ್ಮ ಒಳಗೆ ಕಾಲಿಡುವವರೇ ಅಲ್ಲ, ನನ್ನ ಮಾತಿಗೆ ಮೂವರಿಗೆ ಮಾತ್ರ ಒಪ್ಪಿದ್ದರು. ನಾನು ಒಂಬತ್ತು ಜನರನ್ನು ಒಳಗೆ ಬಿಟ್ಟೆ. ರತ್ನಮ್ಮನ ಕ್ರಮ ಸರಿ, ನನ್ನ ಸಲಹೆ ತಪ್ಪು.

ಮುಂದೆ ನಿಂತಿದ್ದ ಒಬ್ಬ ಮುದುಕ, “ಏಮಿ ಸಾರೂ, ಪೇಪರೋಳ್ಳು ಕೂಡಾ ತಪ್ಪು ಒಪ್ಪುಕುಂಟಾರಾ?” ಎಂದ. ಪೇಪರಿನವರೂ ತಪ್ಪು ಒಪ್ಪಿಕೊಳ್ಳುತ್ತಾರಾ ಎಂಬ ಆ ತೆಲುಗು ಮಾತಿಗೆ ಎಲ್ಲರೂ ನಕ್ಕರು. ವೆಂಕಟರಾಯಪ್ಪ ನಗಲಿಲ್ಲ.

“ಓದಿದ್ದಾಯ್ತಲ್ಲ, ಗೋಡೆಗೆ ಅಂಟ್ಸಿ ಹೋಗಿ” ಎಂದು ಕ್ಯಾನು ಎತ್ತಿಕೊಂಡ.

ಮುಂದಿನ ಬೆಳೆಗೆ ಹನ್ನೊಂದರಲ್ಲಿ ನಾಲ್ಕು ಮನೆಗಳು ರತ್ನಮ್ಮನನ್ನು ಮತ್ತೆ ಕರೆದವು. ವೆಂಕಟರಾಯಪ್ಪ ಕರೆಯಲಿಲ್ಲ. ಆತನ ಹೆಂಡತಿ ಒಂದು ದಿನ ಎಂಟು ಹುಳುಗಳನ್ನು ಪೇಪರಿನ ಮೇಲಿಟ್ಟುಕೊಂಡು ರತ್ನಮ್ಮನ ಬೀದಿಯ ತನಕ ಬಂದು, ಮನೆಯ ಹತ್ತಿರ ಬಾರದೆ, ರಸ್ತೆಯ ಆಚೆ ಬದಿಯಿಂದಲೇ ತೋರಿಸಿದರಂತೆ. ರತ್ನಮ್ಮ ಈ ಬದಿಯಲ್ಲೇ ನಿಂತು ನೋಡಿದರಂತೆ.

ಕಾರ್ಡಿನಿಂದ ‘ಕೋಚ್’ ಎಂಬ ಪದ ತೆಗೆಸಿದ್ದೇನೆ. ಹೊಸ ಕೆಲಸ ಒಪ್ಪುವ ಮೊದಲು ಈಗ ಒಂದೇ ಪ್ರಶ್ನೆ ಕೇಳುತ್ತೇನೆ: ಇಲ್ಲಿ ನಾನು ಯಾವ ಬಾಗಿಲೊಳಗೆ ಹೋಗಬಾರದು? ಮಾಲೂರಿನ ಕಾರ್ಖಾನೆಯ ಅಧಿಕಾರಿ ಇದನ್ನು ಕೇಳಿ ನಕ್ಕರು. ರತ್ನಮ್ಮ ಆಗಿದ್ದರೆ ನಗುತ್ತಿರಲಿಲ್ಲ, ನೇರವಾಗಿ ಆ ಬಾಗಿಲನ್ನೇ ತೋರಿಸುತ್ತಿದ್ದರು.