ಛತ್ರಕ್ಕೊಂದು ರ‍್ಯಾಂಪು

ಸಾಗರದ ಒಂದು ಹಳೆಯ ಛತ್ರದಲ್ಲಿ ನಮ್ಮ ಶಾಲೆ ಇದೆ. ಕಾಲಿಗೆ ಬಲವಿಲ್ಲದ ಮಕ್ಕಳಿಗೆಂದು ಟ್ರಸ್ಟೊಂದು ಪುಕ್ಕಟೆಯಾಗಿ ನಡೆಸುವ ಶಾಲೆ, ನಾನಲ್ಲಿ ಟೀಚರು. ಛತ್ರ ಕಟ್ಟಿಸಿದ ಪುಣ್ಯಾತ್ಮರು ಎದುರಿಗೆ ಎತ್ತರದ ಕಲ್ಲುಮೆಟ್ಟಿಲು ಇಡಿಸಿದ್ದಾರೆ. ಶೌಚಾಲಯವೋ ಹಿತ್ತಲಿನಲ್ಲಿ, ಮತ್ತಷ್ಟು ಮೆಟ್ಟಿಲಿಳಿದು. ಹೊಸನಗರದ ರಸ್ತೆಯ ಹಳ್ಳಿಯಿಂದ ಬರುವ ಹುಡುಗಿಯೊಬ್ಬಳು ಈಚೆಗೆ ಮೈನೆರೆದು ಎತ್ತರವಾಗಿದ್ದಳು. ನಮ್ಮ ಆಯಾಗೆ ಅವಳನ್ನು ಎತ್ತಲಾಗುತ್ತಿರಲಿಲ್ಲ. ಶೌಚಾಲಯದ ಬಾಗಿಲವರೆಗೆ ವ್ಯಾನಿನ ಡ್ರೈವರೇ ಎತ್ತಿಕೊಂಡು ಹೋಗಬೇಕು. ಆಗೆಲ್ಲ ಅವಳು ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ನನಗೆ ಅದನ್ನು ನೋಡಲಾಗುತ್ತಿರಲಿಲ್ಲ.

ದಾನಿಗಳ ಕೈಕಾಲು ಹಿಡಿದು ಹಣ ಹೊಂದಿಸಿದೆವು. ಎದುರಿಗೊಂದು ರ‍್ಯಾಂಪು, ಒಳಗೇ ಗಾಲಿಕುರ್ಚಿ ಹಿಡಿಸುವಂಥ ಶೌಚಾಲಯ, ಇಷ್ಟೇ ನಮ್ಮ ಆಸೆ. ಹಳೇ ಕಟ್ಟಡ, ಮೆಟ್ಟಿಲು ಕೀಳುವಂತಿಲ್ಲ, ಕಾಂಕ್ರೀಟು ಸುರಿಯುವಂತಿಲ್ಲ, ಎಲ್ಲ ಕಲ್ಲಿನಲ್ಲೇ ಆಗಬೇಕು ಎಂದರು ಪುರಾತತ್ವ ಇಲಾಖೆಯವರು. ಆಯಿತಪ್ಪಾ ಎಂದು ಅದಕ್ಕೂ ಒಪ್ಪಿದೆವು. ಹಣ ಎರಡಕ್ಕೂ ಸಾಲುತ್ತಿತ್ತು, ಕಂಟ್ರಾಕ್ಟರು ಅದರ ಮೇಲೆ ಜಿಎಸ್‌ಟಿ ಸೇರಿಸುವವರೆಗೆ.

"ಧರ್ಮದ ಕೆಲಸಕ್ಕೂ ಟ್ಯಾಕ್ಸಾ?" ಎಂದೆ.

"ನಾನೆಂತ ಮಾಡ್ಲಿ ಟೀಚರ್ರೇ? ಬಿಲ್ ಬ್ಯಾಡಾಂದ್ರೆ ಟ್ಯಾಕ್ಸೂ ಇಲ್ಲ."

ಬಿಲ್ಲಿಲ್ಲದೆ ಟ್ರಸ್ಟಿನ ಒಂದು ರೂಪಾಯಿಯನ್ನೂ ಮುಟ್ಟುವಂತಿಲ್ಲ ಎಂದರು ನಮ್ಮ ಆಡಿಟರು. ಸೀದಾ ತೆರಿಗೆ ಕಚೇರಿಗೆ ಹೋಗಿ, ನಮ್ಮ ಟ್ರಸ್ಟಿಗೆ ವಿನಾಯಿತಿ ಇದೆಯಲ್ಲ ಎಂದು ಜಗಳವನ್ನೇ ತೆಗೆದೆ. ಅಧಿಕಾರಿ, ಪಾಪ, ಕುರ್ಚಿ ಕೊಟ್ಟು ಕೂರಿಸಿದರು.

"ಅದು ನಿಮ್ಮ ಆದಾಯಕ್ಕಿರೋ ವಿನಾಯಿತಿ ಮೇಡಂ. ಇದು ಕಟ್ಟೋ ಕೆಲಸದ ಮೇಲಿನ ತೆರಿಗೆ. ನಿಮ್ಮ ಶಾಲೆಯಾದ್ರೇನು, ಸಿನಿಮಾ ಟಾಕೀಸಾದ್ರೇನು, ಎರಡೂ ಒಂದೇ."

ಬೈದು ಹಗುರಾಗೋಣವೆಂದರೆ ಬೈಯಲಿಕ್ಕೂ ಯಾರೂ ಸಿಗಲಿಲ್ಲ. ಎಲ್ಲರೂ ಒಳ್ಳೆಯವರೇ! ಶೌಚಾಲಯ ಕೈಬಿಟ್ಟೆವು. ಅದಕ್ಕೆಂದು ಇಟ್ಟದ್ದು ಹೆಚ್ಚೂಕಮ್ಮಿ ತೆರಿಗೆಗೇ ಸರಿಹೋಯಿತು.

ರ‍್ಯಾಂಪು ಮಾತ್ರ ಚೆನ್ನಾಗಿ ಬಂತು. ಉದ್ಘಾಟನೆಯ ದಿನ ಆ ಹುಡುಗಿಯೇ ಮೊದಲು ಹತ್ತಿದಳು, ತನ್ನ ಗಾಲಿಕುರ್ಚಿಯನ್ನು ತಾನೇ ತಳ್ಳಿಕೊಂಡು, ಹಲ್ಲು ಕಚ್ಚಿಕೊಂಡು. ಚಪ್ಪಾಳೆಯೋ ಚಪ್ಪಾಳೆ. ದಾನಿಗಳು ಫೋಟೋ ತೆಗೆಸಿಕೊಂಡರು. ನಾನೂ ಅತ್ತೆ.

ಮಧ್ಯಾಹ್ನ ಊಟಕ್ಕೆ ನೀರು ಬಡಿಸುತ್ತಾ ಬಂದೆ. ಅವಳು ಲೋಟದ ಮೇಲೆ ಅಂಗೈ ಮುಚ್ಚಿದಳು.

"ಬ್ಯಾಡ ಟೀಚರ್. ಮನೆಗೆ ಹೋಗಿ ಕುಡೀತೀನಿ."

"ಈ ಸೆಕೇಲಿ ಬಾಯಾರಲ್ವೇನೇ?"

"ಆರುತ್ತೆ. ಕುಡಿದ್ರೆ ಮತ್ತೆ ಹಿತ್ಲಿಗೆ ಎತ್ಕಂಡ್ ಹೋಗ್ಬೇಕಲ್ಲ. ನಾನು ಬೆಳಿಗ್ಗೆಯಿಂದ್ಲೂ ಕುಡಿಯೋದೇ ಇಲ್ಲ, ಅಭ್ಯಾಸ ಆಗ್ಬಿಟ್ಟದೆ."

ಚೊಂಬು ಹಿಡಿದುಕೊಂಡು ಮುಂದೆ ಸರಿದೆ. ಪಕ್ಕದ ಮಗುವಿನ ಲೋಟಕ್ಕೆ ನೀರು ಹಾಕಿದೆ.